ಯೀಸ್ಟ್‌ನಿಂದ ವಿವಿಧ ಸಕ್ಕರೆಗಳ ಹುದುಗುವಿಕೆ

ಯೀಸ್ಟ್‌ನಿಂದ ಸಕ್ಕರೆಗಳ ಹುದುಗುವಿಕೆ ಎಂದರೆ ಏಕಕೋಶೀಯ ಶಿಲೀಂಧ್ರಗಳಾದ ಯೀಸ್ಟ್‌ಗಳು ಸಕ್ಕರೆಯ ಅಣುಗಳನ್ನು ಆಮ್ಲಜನಕದ ನೆರವಿಲ್ಲದೆ ಒಡೆದು, ಎಥನಾಲ್ ಎಂಬ ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಉಂಟುಮಾಡುವ ಜೀವರಾಸಾಯನಿಕ ಕ್ರಿಯೆ. ಬ್ರೆಡ್ಡಿನ ಹಿಟ್ಟು ಉಬ್ಬುವುದು, ದ್ರಾಕ್ಷಾರಸವು ವೈನ್ ಆಗುವುದು, ಮರದಿಂದ ಇಳಿಸಿದ ಸಿಹಿಯಾದ ನೀರಾ ಕೆಲವೇ ಗಂಟೆಗಳಲ್ಲಿ ಸೇಂದಿಯಾಗುವುದು, ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಂಧನದ ಎಥನಾಲ್ ದೊರೆಯುವುದು ಮುಖ್ಯವಾಗಿ ಈ ಕ್ರಿಯೆಯಿಂದಲೇ.

ಆದರೆ ಯೀಸ್ಟ್ ಎಲ್ಲ ಸಕ್ಕರೆಗಳನ್ನೂ ಒಂದೇ ರೀತಿಯಲ್ಲಿ ಹುದುಗಿಸುವುದಿಲ್ಲ. ಬೇಕರಿಗಳಲ್ಲಿ ಬಳಸುವ ಸಾಮಾನ್ಯ ಯೀಸ್ಟ್ ಗ್ಲೂಕೋಸನ್ನು ಕೂಡಲೇ ಹುದುಗಿಸುತ್ತದೆ, ಮಾಲ್ಟೋಸನ್ನು ತಡವಾಗಿ ಆರಂಭಿಸುತ್ತದೆ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಮುಟ್ಟುವುದೇ ಇಲ್ಲ. ಸಕ್ಕರೆಯೊಂದು ಎಷ್ಟು ಸಿಹಿಯಾಗಿದೆ ಎಂಬುದಕ್ಕೂ ಅದು ಹುದುಗುತ್ತದೆಯೇ ಎಂಬುದಕ್ಕೂ ಸಂಬಂಧವಿಲ್ಲ. ಆ ಸಕ್ಕರೆಯನ್ನು ಕೋಶದೊಳಗೆ ಬರಮಾಡಿಕೊಳ್ಳುವ, ಅಗತ್ಯವಿದ್ದರೆ ಸೀಳುವ ಮತ್ತು ಮುಂದಿನ ಕ್ರಿಯಾಸರಣಿಗೆ ಸೇರಿಸುವ ಪ್ರೋಟೀನುಗಳು ಯೀಸ್ಟಿನ ಬಳಿ ಇವೆಯೇ ಎಂಬುದು ಇದನ್ನು ನಿರ್ಧರಿಸುತ್ತದೆ.

## ಪದಗಳ ಹಿನ್ನೆಲೆ

ಸಾಮಾನ್ಯ ಯೀಸ್ಟಿನ ವೈಜ್ಞಾನಿಕ ಹೆಸರು ಸ್ಯಾಕರೋಮೈಸಿಸ್ ಸೆರೆವಿಸಿಯೆ. ಸ್ಯಾಕರೋಮೈಸಿಸ್ ಎಂದರೆ ‘ಸಕ್ಕರೆಯ ಶಿಲೀಂಧ್ರ’. ಇದರ ಮೊದಲ ಭಾಗವು ಗ್ರೀಕ್ ಭಾಷೆಯ ಮೂಲಕ ಬಂದಿದ್ದರೂ ಅದರ ಮೂಲ ಭಾರತದ್ದು. ಸಂಸ್ಕೃತದ ‘ಶರ್ಕರಾ’ ಎಂಬ ಪದವು ಪ್ರಾಕೃತ ರೂಪದಲ್ಲಿ ಪಶ್ಚಿಮಕ್ಕೆ ಹೋಯಿತು. ಕನ್ನಡದ ‘ಸಕ್ಕರೆ’ಯೂ ಅದೇ ಮೂಲದಿಂದ ಬಂದುದು.

‘ಕಿಣ್ವ’ ಎಂಬ ಪದದ ಚರಿತ್ರೆಯೂ ಗಮನಾರ್ಹವಾಗಿದೆ. ಸಂಸ್ಕೃತದಲ್ಲಿ ಕಿಣ್ವವೆಂದರೆ ಮದ್ಯ ತಯಾರಿಕೆಯಲ್ಲಿ ಹುದುಗು ಬರಿಸಲು ಬೆರೆಸುತ್ತಿದ್ದ ವಸ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯ ತಯಾರಿಕೆಯನ್ನು ಹೇಳುವ ಭಾಗದಲ್ಲಿ ಈ ಪದ ಬರುತ್ತದೆ. ಇಂದಿನ ಕನ್ನಡದಲ್ಲಿ ಅದು ಜೀವಕೋಶಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ತ್ವರಿತಗೊಳಿಸುವ ಎನ್‌ಜೈಮ್ ಎಂಬ ಅರ್ಥದಲ್ಲಿ ಬಳಕೆಯಾಗುತ್ತಿದೆ. ಎನ್‌ಜೈಮ್ ಎಂಬ ಪದವನ್ನು ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ 1877ರಲ್ಲಿ ರೂಪಿಸಿದನು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಯೀಸ್ಟಿನೊಳಗೆ’ ಎಂದು. ಹೀಗೆ ಎರಡು ಭಾಷೆಗಳಲ್ಲಿಯೂ ಹುದುಗಿಗೆ ಸಂಬಂಧಿಸಿದ ಪದವೇ ಕಿಣ್ವಗಳ ಹೆಸರಾಯಿತು.

## ಹುದುಗುವಿಕೆಯ ಮೂಲ ಕ್ರಿಯೆ

ಗ್ಲೂಕೋಸ್ ಆರು ಇಂಗಾಲದ ಪರಮಾಣುಗಳುಳ್ಳ ಸರಳ ಸಕ್ಕರೆ. ಯೀಸ್ಟ್ ಕೋಶದಲ್ಲಿ ಅದು ಗ್ಲೈಕಾಲಿಸಿಸ್ ಎಂಬ ಹತ್ತು ಹಂತಗಳ ಸರಣಿಯ ಮೂಲಕ ಮೂರು ಇಂಗಾಲದ ಪೈರುವೇಟ್‌ನ ಎರಡು ಅಣುಗಳಾಗುತ್ತದೆ. ಪ್ರತಿ ಪೈರುವೇಟ್ ಅಣುವು ಇಂಗಾಲದ ಡೈಆಕ್ಸೈಡ್‌ನ ಒಂದು ಅಣುವನ್ನು ಕಳೆದುಕೊಂಡು ಅಸಿಟಾಲ್ಡಿಹೈಡ್ ಆಗುತ್ತದೆ. ಬಳಿಕ ಅದು ಎಥನಾಲ್ ಆಗಿ ಮಾರ್ಪಡುತ್ತದೆ. ಒಟ್ಟು ಫಲವನ್ನು ಹೀಗೆ ಬರೆಯಬಹುದು:

ಗ್ಲೂಕೋಸ್ (1 ಅಣು) → ಎಥನಾಲ್ (2 ಅಣು) + ಇಂಗಾಲದ ಡೈಆಕ್ಸೈಡ್ (2 ಅಣು)

ತೂಕದಲ್ಲಿ ಹೇಳುವುದಾದರೆ, 180 ಗ್ರಾಂ ಗ್ಲೂಕೋಸಿನಿಂದ ಹೆಚ್ಚೆಂದರೆ 92 ಗ್ರಾಂ ಎಥನಾಲ್ ಮತ್ತು 88 ಗ್ರಾಂ ಇಂಗಾಲದ ಡೈಆಕ್ಸೈಡ್ ದೊರೆಯುತ್ತವೆ. ವಾಸ್ತವದಲ್ಲಿ ಇಷ್ಟು ಸಿಗುವುದಿಲ್ಲ. ಸಕ್ಕರೆಯ ಒಂದು ಭಾಗ ಹೊಸ ಕೋಶಗಳ ಬೆಳವಣಿಗೆಗೆ ಬಳಕೆಯಾಗುತ್ತದೆ, ಇನ್ನೊಂದು ಅಲ್ಪ ಭಾಗ ಗ್ಲಿಸರಾಲ್ ಮುಂತಾದ ಉಪಪದಾರ್ಥಗಳಾಗುತ್ತದೆ.

ಈ ಕ್ರಿಯೆಯಿಂದ ಯೀಸ್ಟಿಗೆ ಸಿಗುವ ಲಾಭವು ಪ್ರತಿ ಗ್ಲೂಕೋಸ್ ಅಣುವಿಗೆ ಶಕ್ತಿವಾಹಕವಾದ ಎಟಿಪಿಯ ಎರಡು ಅಣುಗಳು ಮಾತ್ರ. ಆಮ್ಲಜನಕವನ್ನು ಬಳಸಿ ಸಕ್ಕರೆಯನ್ನು ಪೂರ್ಣವಾಗಿ ಉರಿಸಿದರೆ ಇದರ ಹಲವು ಪಟ್ಟು ಶಕ್ತಿ ದೊರೆಯುತ್ತದೆ. ಆದರೂ ಸ್ಯಾಕರೋಮೈಸಿಸ್ ಸೆರೆವಿಸಿಯೆ ತನ್ನ ಸುತ್ತ ಸಕ್ಕರೆ ಹೇರಳವಾಗಿದ್ದರೆ ಆಮ್ಲಜನಕ ಇರುವಾಗಲೂ ಹುದುಗುವಿಕೆಯನ್ನೇ ನಡೆಸುತ್ತದೆ. ಇದನ್ನು ಕ್ರ್ಯಾಬ್‌ಟ್ರೀ ಪರಿಣಾಮ ಎನ್ನುತ್ತಾರೆ. ಸಕ್ಕರೆಯನ್ನು ಬೇಗನೆ ಕಬಳಿಸಿ, ಇತರ ಸೂಕ್ಷ್ಮಜೀವಿಗಳು ತಾಳಲಾರದ ಮದ್ಯಸಾರವನ್ನು ಸುತ್ತಲೂ ತುಂಬಿಸುವುದು ಈ ಯೀಸ್ಟಿಗೆ ಪೈಪೋಟಿಯಲ್ಲಿ ಅನುಕೂಲಕರ ಎಂದು ವಿವರಿಸಲಾಗುತ್ತದೆ.

## ಹುದುಗುವಿಕೆಯನ್ನು ನಿರ್ಧರಿಸುವ ಮೂರು ಹಂತಗಳು

ಯಾವುದೇ ಸಕ್ಕರೆ ಹುದುಗಬೇಕಾದರೆ ಅದು ಗ್ಲೈಕಾಲಿಸಿಸ್ ಸರಣಿಯನ್ನು ತಲುಪಲೇಬೇಕು. ಅದಕ್ಕೆ ಮೊದಲು ಮೂರು ಹಂತಗಳನ್ನು ದಾಟಬೇಕಾಗುತ್ತದೆ.

* ಪ್ರವೇಶ: ಸಕ್ಕರೆಯ ಅಣುಗಳು ಕೋಶಪೊರೆಯನ್ನು ತಾವಾಗಿ ದಾಟಲಾರವು. ಅವುಗಳನ್ನು ಒಳಗೆ ಕೊಂಡೊಯ್ಯುವ ಸಾಗಣೆ ಪ್ರೋಟೀನುಗಳು ಪೊರೆಯಲ್ಲಿರಬೇಕು. ಒಂದು ಬಗೆಯ ಸಕ್ಕರೆಗೆ ಹೊಂದುವ ಪ್ರೋಟೀನು ಇನ್ನೊಂದು ಬಗೆಗೆ ಹೊಂದದಿರಬಹುದು.
* ಸೀಳುವಿಕೆ: ಎರಡು ಅಥವಾ ಹೆಚ್ಚು ಸರಳ ಸಕ್ಕರೆಗಳು ಜೋಡಿಕೊಂಡಿರುವ ಅಣುವನ್ನು ಸೂಕ್ತ ಕಿಣ್ವವೊಂದು ಬಿಡಿಸಬೇಕು. ಇದು ಕೋಶದ ಹೊರಗೂ ನಡೆಯಬಹುದು, ಒಳಗೂ ನಡೆಯಬಹುದು.
* ಸೇರ್ಪಡೆ: ಬಿಡಿಯಾದ ಸರಳ ಸಕ್ಕರೆಯನ್ನು ಗ್ಲೈಕಾಲಿಸಿಸ್‌ನ ಯಾವುದಾದರೂ ಒಂದು ಮಧ್ಯವರ್ತಿ ಅಣುವಾಗಿ ಮಾರ್ಪಡಿಸುವ ಕಿಣ್ವಗಳಿರಬೇಕು.

ಈ ಮೂರರಲ್ಲಿ ಒಂದು ತಪ್ಪಿದರೂ ಹುದುಗುವಿಕೆ ನಡೆಯುವುದಿಲ್ಲ. ಸಕ್ಕರೆಗಳ ನಡುವಿನ ವ್ಯತ್ಯಾಸಗಳನ್ನೆಲ್ಲ ಈ ಮೂರು ಹಂತಗಳ ಮೂಲಕ ಅರ್ಥಮಾಡಿಕೊಳ್ಳಬಹುದು.

## ಸರಳ ಸಕ್ಕರೆಗಳು

### ಗ್ಲೂಕೋಸ್, ಫ್ರಕ್ಟೋಸ್ ಮತ್ತು ಮ್ಯಾನೋಸ್

ಈ ಮೂರು ಸಕ್ಕರೆಗಳಿಗೂ ಸೀಳುವಿಕೆಯ ಅಗತ್ಯವಿಲ್ಲ. ಒಂದೇ ಗುಂಪಿನ ಸಾಗಣೆ ಪ್ರೋಟೀನುಗಳು ಮೂರನ್ನೂ ಒಳಗೆ ತರುತ್ತವೆ. ಒಳಗೆ ಬಂದ ಕೂಡಲೇ ಅವುಗಳಿಗೆ ಫಾಸ್ಫೇಟ್ ಜೋಡಣೆಯಾಗಿ, ಒಂದೆರಡು ಹಂತಗಳಲ್ಲಿ ಅವು ಗ್ಲೈಕಾಲಿಸಿಸ್‌ನಲ್ಲಿ ಸೇರಿಕೊಳ್ಳುತ್ತವೆ. ಸಾಗಣೆಗೆ ಕೋಶವು ಶಕ್ತಿಯನ್ನು ವ್ಯಯಿಸಬೇಕಾಗಿಲ್ಲ. ಹೊರಗೆ ಸಾಂದ್ರತೆ ಹೆಚ್ಚಿದ್ದು ಒಳಗೆ ಕಡಿಮೆಯಿದ್ದರೆ ಸಕ್ಕರೆ ತಾನಾಗಿ ಒಳಗೆ ಹರಿಯುತ್ತದೆ.

ಆದರೂ ಗ್ಲೂಕೋಸಿಗೂ ಫ್ರಕ್ಟೋಸಿಗೂ ವೇಗದಲ್ಲಿ ವ್ಯತ್ಯಾಸವಿದೆ. ಎರಡೂ ಒಟ್ಟಿಗಿದ್ದರೆ ಸಾಮಾನ್ಯ ಯೀಸ್ಟ್ ಗ್ಲೂಕೋಸನ್ನು ಹೆಚ್ಚು ಬೇಗ ಬಳಸುತ್ತದೆ. ಮಾಗಿದ ದ್ರಾಕ್ಷಿಯಲ್ಲಿ ಇವೆರಡೂ ಹೆಚ್ಚುಕಡಿಮೆ ಸಮಪ್ರಮಾಣದಲ್ಲಿರುತ್ತವೆ. ಹಾಗಾಗಿ ವೈನ್ ತಯಾರಿಕೆಯಲ್ಲಿ ಹುದುಗುವಿಕೆ ನಡುವೆಯೇ ನಿಂತುಹೋದರೆ ಉಳಿಯುವ ಸಕ್ಕರೆ ಬಹುಪಾಲು ಫ್ರಕ್ಟೋಸ್ ಆಗಿರುತ್ತದೆ. ಫ್ರಕ್ಟೋಸ್ ಗ್ಲೂಕೋಸಿಗಿಂತ ಹೆಚ್ಚು ಸಿಹಿಯಾದ್ದರಿಂದ ಅಂತಹ ವೈನ್ ಬಯಸದಷ್ಟು ಸಿಹಿಯಾಗುತ್ತದೆ. ಇದಕ್ಕೆ ವಿರುದ್ಧವಾಗಿ ಜೈಗೋಸ್ಯಾಕರೋಮೈಸಿಸ್ ಬೈಲಿಯೈ ಎಂಬ ಯೀಸ್ಟ್ ಫ್ರಕ್ಟೋಸನ್ನೇ ಮೊದಲು ಆಯ್ದುಕೊಳ್ಳುತ್ತದೆ.

### ಗ್ಯಾಲಕ್ಟೋಸ್

ಗ್ಯಾಲಕ್ಟೋಸ್ ಗ್ಲೂಕೋಸನ್ನು ಬಹುವಾಗಿ ಹೋಲುತ್ತದೆ. ಇವೆರಡರ ಪರಮಾಣುಗಳ ಸಂಖ್ಯೆ ಒಂದೇ. ನಾಲ್ಕನೆಯ ಇಂಗಾಲದ ಮೇಲಿನ ಹೈಡ್ರಾಕ್ಸಿಲ್ ಗುಂಪು ಮಾತ್ರ ಬೇರೆ ದಿಕ್ಕಿಗೆ ತಿರುಗಿರುತ್ತದೆ. ಈ ಸಣ್ಣ ವ್ಯತ್ಯಾಸದಿಂದಾಗಿ ಅದು ನೇರವಾಗಿ ಗ್ಲೈಕಾಲಿಸಿಸ್‌ಗೆ ಸೇರಲಾರದು. ಲೆಲ್ವಾರ್ ಪಥ ಎಂಬ ಪ್ರತ್ಯೇಕ ಸರಣಿಯ ಕಿಣ್ವಗಳು ಅದನ್ನು ಮೊದಲು ಗ್ಲೂಕೋಸಿನ ರೂಪಕ್ಕೆ ತಿರುಗಿಸಬೇಕು. ಈ ಕ್ಷೇತ್ರದಲ್ಲಿ ದುಡಿದ ಅರ್ಜೆಂಟೀನಾದ ಲೂಯಿಸ್ ಲೆಲ್ವಾರ್‌ಗೆ 1970ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು.

ಯೀಸ್ಟ್ ಈ ಕಿಣ್ವಗಳನ್ನು ಸದಾ ಸಿದ್ಧವಾಗಿಟ್ಟುಕೊಂಡಿರುವುದಿಲ್ಲ. ಸುತ್ತ ಗ್ಲೂಕೋಸ್ ಇಲ್ಲದೆ ಗ್ಯಾಲಕ್ಟೋಸ್ ಮಾತ್ರ ಇದ್ದಾಗ ಸಂಬಂಧಿಸಿದ ವಂಶವಾಹಿಗಳು ಜಾಗೃತವಾಗಿ ಕಿಣ್ವಗಳು ತಯಾರಾಗುತ್ತವೆ. ಇದಕ್ಕೆ ಸಮಯ ಬೇಕು. ಗ್ಯಾಲಕ್ಟೋಸಿಗೆ ಯೀಸ್ಟ್ ಹೀಗೆ ಕ್ರಮೇಣ ಒಗ್ಗಿಕೊಳ್ಳುವುದನ್ನು ಫ್ರಾನ್ಸಿನ ಫ್ರೆಡೆರಿಕ್ ಡಿಯೆನರ್ 1900ರಲ್ಲಿ ವರ್ಣಿಸಿದನು.

ಮನುಷ್ಯರಲ್ಲಿಯೂ ಇದೇ ಲೆಲ್ವಾರ್ ಪಥವಿದೆ. ಅದರ ಕಿಣ್ವವೊಂದು ಹುಟ್ಟಿನಿಂದಲೇ ಕೆಲಸ ಮಾಡದಿದ್ದರೆ ಗ್ಯಾಲಕ್ಟೋಸೀಮಿಯಾ ಎಂಬ ಅಪಾಯಕಾರಿ ಆನುವಂಶಿಕ ಕಾಯಿಲೆ ಉಂಟಾಗುತ್ತದೆ. ಅಂತಹ ಶಿಶುವಿಗೆ ತಾಯಿಯ ಹಾಲೂ ಹಾನಿಕರವಾಗುವುದರಿಂದ ಕಾಯಿಲೆಯನ್ನು ಬೇಗನೆ ಗುರುತಿಸಿ ಗ್ಯಾಲಕ್ಟೋಸ್ ಇಲ್ಲದ ಆಹಾರ ಕೊಡಬೇಕಾಗುತ್ತದೆ.

### ಜೈಲೋಸ್

ಜೈಲೋಸ್ ಐದು ಇಂಗಾಲದ ಸಕ್ಕರೆ. ಹುಲ್ಲು, ಕಡ್ಡಿ, ಕಬ್ಬಿನ ಸಿಪ್ಪೆ, ಮರದ ಪುಡಿ ಮುಂತಾದವುಗಳಲ್ಲಿ ಅದು ಹೇರಳವಾಗಿ ಅಡಗಿರುತ್ತದೆ. ಸಾಮಾನ್ಯ ಯೀಸ್ಟಿನೊಳಗೆ ಅದು ಸ್ವಲ್ಪಮಟ್ಟಿಗೆ ಪ್ರವೇಶಿಸಬಲ್ಲದಾದರೂ ಮೂರನೆಯ ಹಂತದಲ್ಲಿ ತಡೆಯುಂಟಾಗಿ ಹುದುಗುವುದಿಲ್ಲ. ಅದರ ಸಮೀಪದ ರೂಪವಾದ ಜೈಲುಲೋಸನ್ನು ಅದೇ ಯೀಸ್ಟ್ ಹುದುಗಿಸಬಲ್ಲದು. ಈ ಸುಳಿವನ್ನು ಹಿಡಿದು ವಿಜ್ಞಾನಿಗಳು ಜೈಲೋಸನ್ನು ಜೈಲುಲೋಸ್ ಆಗಿಸುವ ಕಿಣ್ವಗಳ ವಂಶವಾಹಿಗಳನ್ನು ಇತರ ಜೀವಿಗಳಿಂದ ತಂದು ಯೀಸ್ಟಿನಲ್ಲಿ ಅಳವಡಿಸಿದ್ದಾರೆ. ನಿಸರ್ಗದಲ್ಲಿ ಶೆಫರ್ಸೋಮೈಸಿಸ್ ಸ್ಟಿಪಿಟಿಸ್‌ನಂತಹ ಕೆಲವು ಯೀಸ್ಟ್‌ಗಳಿಗೆ ಜೈಲೋಸನ್ನು ಹುದುಗಿಸುವ ಸಾಮರ್ಥ್ಯ ಸಹಜವಾಗಿಯೇ ಇದೆ.

## ಜೋಡಿ ಸಕ್ಕರೆಗಳು

### ಸುಕ್ರೋಸ್

ಅಡುಗೆಮನೆಯ ಸಕ್ಕರೆ ಸುಕ್ರೋಸ್. ಬೆಲ್ಲದ ಬಹುಭಾಗವೂ ಅದೇ. ಒಂದು ಗ್ಲೂಕೋಸ್ ಮತ್ತು ಒಂದು ಫ್ರಕ್ಟೋಸ್ ಅಣು ಜೋಡಿಕೊಂಡು ಇದು ರೂಪುಗೊಂಡಿದೆ. ಯೀಸ್ಟ್ ಇನ್ವರ್ಟೇಸ್ ಎಂಬ ಕಿಣ್ವವನ್ನು ತನ್ನ ಕೋಶಪೊರೆಯ ಹೊರಗೆ, ಕೋಶಭಿತ್ತಿಯ ಪ್ರದೇಶಕ್ಕೆ ಕಳುಹಿಸುತ್ತದೆ. ಸುಕ್ರೋಸ್ ಅಲ್ಲಿಯೇ ಇಬ್ಭಾಗವಾಗಿ, ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳು ತಮ್ಮ ಎಂದಿನ ದಾರಿಯಲ್ಲಿ ಒಳಗೆ ಹೋಗುತ್ತವೆ. ಆದ್ದರಿಂದ ಸುಕ್ರೋಸ್ ಜೋಡಿ ಸಕ್ಕರೆಯಾದರೂ ಹೆಚ್ಚು ತಡವಿಲ್ಲದೆ ಹುದುಗುತ್ತದೆ.

ಸುಕ್ರೋಸ್ ಸೀಳುವಾಗ ನೀರಿನ ಒಂದು ಅಣು ಸೇರಿಕೊಳ್ಳುವುದರಿಂದ 100 ಗ್ರಾಂ ಸುಕ್ರೋಸಿನಿಂದ ಸುಮಾರು 105 ಗ್ರಾಂ ಸರಳ ಸಕ್ಕರೆ ದೊರೆಯುತ್ತದೆ. ಹಾಗಾಗಿ ಸಮತೂಕದ ಗ್ಲೂಕೋಸಿಗಿಂತ ಸುಕ್ರೋಸಿನಿಂದ ಬರುವ ಎಥನಾಲ್ ಸ್ವಲ್ಪ ಹೆಚ್ಚು: ಲೆಕ್ಕದ ಪ್ರಕಾರ 100 ಗ್ರಾಂ ಗ್ಲೂಕೋಸಿಗೆ ಗರಿಷ್ಠ 51.1 ಗ್ರಾಂ, 100 ಗ್ರಾಂ ಸುಕ್ರೋಸಿಗೆ ಗರಿಷ್ಠ 53.8 ಗ್ರಾಂ.

### ಮಾಲ್ಟೋಸ್

ಮಾಲ್ಟೋಸ್ ಎರಡು ಗ್ಲೂಕೋಸ್ ಅಣುಗಳ ಜೋಡಿ. ಪಿಷ್ಟವನ್ನು ಅಮೈಲೇಸ್ ಕಿಣ್ವಗಳು ಒಡೆದಾಗ ಇದು ಉಂಟಾಗುತ್ತದೆ; ಮೊಳಕೆ ಬರಿಸಿದ ಬಾರ್ಲಿಯಿಂದ ತೆಗೆದ ರಸದ ಪ್ರಧಾನ ಸಕ್ಕರೆ ಇದೇ. ಸುಕ್ರೋಸಿನಂತೆ ಇದು ಹೊರಗೆ ಸೀಳುವುದಿಲ್ಲ. ವಿಶೇಷ ಸಾಗಣೆ ಪ್ರೋಟೀನು ಅದನ್ನು ಇಡಿಯಾಗಿಯೇ ಒಳಗೆ ತರಬೇಕು, ಆ ಕೆಲಸಕ್ಕೆ ಶಕ್ತಿಯೂ ವ್ಯಯವಾಗುತ್ತದೆ. ಒಳಗೆ ಬಂದ ಮೇಲೆ ಮಾಲ್ಟೇಸ್ ಕಿಣ್ವ ಅದನ್ನು ಎರಡು ಗ್ಲೂಕೋಸ್ ಅಣುಗಳಾಗಿ ಬಿಡಿಸುತ್ತದೆ.

ಗ್ಲೂಕೋಸ್ ಸಾಕಷ್ಟಿರುವವರೆಗೆ ಯೀಸ್ಟ್ ಮಾಲ್ಟೋಸಿನ ವಂಶವಾಹಿಗಳನ್ನು ಸುಮ್ಮನಿರಿಸುತ್ತದೆ. ಇದಕ್ಕೆ ಗ್ಲೂಕೋಸ್ ದಮನ ಎಂದು ಹೆಸರು. ಸಕ್ಕರೆ ಬೆರೆಸದ ಬ್ರೆಡ್ ಹಿಟ್ಟಿನಲ್ಲಿ ಇದರ ಪರಿಣಾಮ ಕಾಣುತ್ತದೆ. ಗೋಧಿಹಿಟ್ಟಿನಲ್ಲಿ ಸಹಜವಾಗಿರುವ ಅಲ್ಪ ಪ್ರಮಾಣದ ಬಿಡಿ ಸಕ್ಕರೆ ಮುಗಿದಾಗ ಅನಿಲದ ಉತ್ಪತ್ತಿ ಕುಗ್ಗಿ, ಯೀಸ್ಟ್ ಮಾಲ್ಟೋಸಿಗೆ ಒಗ್ಗಿಕೊಂಡ ಬಳಿಕ ಮತ್ತೆ ಏರುತ್ತದೆ. ಬೇಕರಿಗಾಗಿ ಯೀಸ್ಟ್ ತಳಿಗಳನ್ನು ಆಯ್ಕೆ ಮಾಡುವಾಗ ಮಾಲ್ಟೋಸಿಗೆ ಎಷ್ಟು ಬೇಗ ಹೊಂದಿಕೊಳ್ಳುತ್ತವೆ ಎಂಬುದನ್ನೂ ಗಮನಿಸಲಾಗುತ್ತದೆ.

### ಲ್ಯಾಕ್ಟೋಸ್

ಲ್ಯಾಕ್ಟೋಸ್ ಒಂದು ಗ್ಲೂಕೋಸ್ ಮತ್ತು ಒಂದು ಗ್ಯಾಲಕ್ಟೋಸ್ ಅಣುವಿನ ಜೋಡಿ. ಈ ಎರಡನ್ನೂ ಬಿಡಿಬಿಡಿಯಾಗಿ ಹುದುಗಿಸಬಲ್ಲ ಸಾಮಾನ್ಯ ಯೀಸ್ಟ್, ಅವು ಜೋಡಿಕೊಂಡಿರುವಾಗ ಏನನ್ನೂ ಮಾಡಲಾರದು. ಲ್ಯಾಕ್ಟೋಸನ್ನು ಒಳಗೆ ತರುವ ಪ್ರೋಟೀನೂ ಅದನ್ನು ಸೀಳುವ ಲ್ಯಾಕ್ಟೇಸ್ ಕಿಣ್ವವೂ ಅದರ ಬಳಿ ಇಲ್ಲ. ಹಾಲು ಬೆರೆಸಿದ ಬ್ರೆಡ್ಡಿನಲ್ಲಿ ಹಾಲಿನ ಸಕ್ಕರೆ ಕೊನೆಯವರೆಗೂ ಉಳಿದುಕೊಂಡು ಬೇಯುವಾಗ ಮೇಲ್ಪದರಕ್ಕೆ ಕಂದುಬಣ್ಣ ಬರಲು ನೆರವಾಗುತ್ತದೆ. ಇಂಗ್ಲೆಂಡಿನ ‘ಮಿಲ್ಕ್ ಸ್ಟೌಟ್’ ಎಂಬ ಬಿಯರಿನ ಸಿಹಿಗೂ ಇದೇ ಕಾರಣ. ಅದಕ್ಕೆ ಸೇರಿಸಿದ ಲ್ಯಾಕ್ಟೋಸ್ ಹುದುಗದೆ ಉಳಿಯುತ್ತದೆ.

ಲ್ಯಾಕ್ಟೋಸನ್ನು ಹುದುಗಿಸುವ ಯೀಸ್ಟ್‌ಗಳೂ ಇವೆ. ಕ್ಲೈವರೋಮೈಸಿಸ್ ಲ್ಯಾಕ್ಟಿಸ್ ಮತ್ತು ಕ್ಲೈವರೋಮೈಸಿಸ್ ಮಾರ್ಕ್ಸಿಯಾನಸ್ ಇವುಗಳಲ್ಲಿ ಮುಖ್ಯವಾದವು. ಕಾಕಸಸ್ ಪ್ರದೇಶದ ಕೆಫಿರ್, ಮಧ್ಯ ಏಷ್ಯಾದಲ್ಲಿ ಕುದುರೆಯ ಹಾಲಿನಿಂದ ಮಾಡುವ ಕುಮಿಸ್ ಎಂಬ ಪಾನೀಯಗಳಲ್ಲಿ ಬ್ಯಾಕ್ಟೀರಿಯಗಳ ಜೊತೆಗೆ ಇಂತಹ ಯೀಸ್ಟ್‌ಗಳೂ ಇರುವುದರಿಂದ ಅವುಗಳಲ್ಲಿ ಅಲ್ಪ ಮದ್ಯಸಾರವಿರುತ್ತದೆ. ನಮ್ಮಲ್ಲಿ ಹಾಲು ಮೊಸರಾಗುವುದು ಬೇರೆಯೇ ಕ್ರಿಯೆ. ಅಲ್ಲಿ ಬ್ಯಾಕ್ಟೀರಿಯಗಳು ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ.

## ರಾಫಿನೋಸ್ ಮತ್ತು ದೊಡ್ಡ ಅಣುಗಳು

ರಾಫಿನೋಸ್ ಮೂರು ಸರಳ ಸಕ್ಕರೆಗಳ ಸರಪಣಿ: ಗ್ಯಾಲಕ್ಟೋಸ್, ಗ್ಲೂಕೋಸ್ ಮತ್ತು ಫ್ರಕ್ಟೋಸ್. ಸಾಮಾನ್ಯ ಬೇಕರಿ ಯೀಸ್ಟಿನ ಇನ್ವರ್ಟೇಸ್ ಇದರ ತುದಿಯ ಫ್ರಕ್ಟೋಸನ್ನು ಮಾತ್ರ ಕತ್ತರಿಸಬಲ್ಲದು. ಉಳಿದ ಗ್ಯಾಲಕ್ಟೋಸ್–ಗ್ಲೂಕೋಸ್ ಜೋಡಿಗೆ ಮೆಲಿಬಯೋಸ್ ಎಂದು ಹೆಸರು; ಅದು ಹುದುಗದೆ ನಿಲ್ಲುತ್ತದೆ. ಹೀಗೆ ಈ ಯೀಸ್ಟ್ ರಾಫಿನೋಸಿನ ಮೂರನೆಯ ಒಂದು ಭಾಗವನ್ನು ಮಾತ್ರ ಬಳಸುತ್ತದೆ. ತಂಪಿನಲ್ಲಿ ಹುದುಗಿಸುವ ಲಾಗರ್ ಬಿಯರಿನ ಯೀಸ್ಟಾದ ಸ್ಯಾಕರೋಮೈಸಿಸ್ ಪಾಸ್ಟೋರಿಯಾನಸ್‌ಗೆ ಮೆಲಿಬಯೋಸನ್ನು ಸೀಳುವ ಆಲ್ಫಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವವೂ ಇದೆ. ಆದ್ದರಿಂದ ಅದು ರಾಫಿನೋಸನ್ನು ಪೂರ್ಣವಾಗಿ ಹುದುಗಿಸುತ್ತದೆ. ಈ ಎರಡು ಬಗೆಯ ಯೀಸ್ಟ್‌ಗಳನ್ನು ಬೇರ್ಪಡಿಸಿ ಗುರುತಿಸಲು ಮೆಲಿಬಯೋಸ್ ಪರೀಕ್ಷೆಯನ್ನು ಬಳಸುತ್ತಿದ್ದರು.

ಮನುಷ್ಯರ ಜೀರ್ಣಾಂಗದಲ್ಲಿಯೂ ಈ ಕಿಣ್ವವಿಲ್ಲ. ಕಾಳುಬೇಳೆಗಳಲ್ಲಿರುವ ರಾಫಿನೋಸ್ ಗುಂಪಿನ ಸಕ್ಕರೆಗಳು ಜೀರ್ಣವಾಗದೆ ದೊಡ್ಡಕರುಳನ್ನು ತಲುಪಿ, ಅಲ್ಲಿನ ಬ್ಯಾಕ್ಟೀರಿಯಗಳಿಂದ ಹುದುಗಿ ಹೊಟ್ಟೆಯುಬ್ಬರವನ್ನು ಉಂಟುಮಾಡುತ್ತವೆ.

ಪಿಷ್ಟ ಮತ್ತು ಸೆಲ್ಯುಲೋಸ್‌ಗಳು ಸಾವಿರಾರು ಗ್ಲೂಕೋಸ್ ಅಣುಗಳ ಸರಪಣಿಗಳಾದರೂ ಸಾಮಾನ್ಯ ಯೀಸ್ಟಿಗೆ ನೇರವಾಗಿ ಒದಗುವುದಿಲ್ಲ. ಧಾನ್ಯದಿಂದ ಮದ್ಯಸಾರ ತೆಗೆಯಲು ಮೊದಲು ಮೊಳಕೆ ಧಾನ್ಯದ ಅಮೈಲೇಸ್, ಬೂಷ್ಟು ಅಥವಾ ಸಿದ್ಧ ಕಿಣ್ವಗಳಿಂದ ಪಿಷ್ಟವನ್ನು ಸಕ್ಕರೆಯಾಗಿಸಬೇಕು. ಸಾಮಾನ್ಯ ಯೀಸ್ಟಿನದೇ ಒಂದು ಪ್ರಭೇದವಾದ ಡಯಾಸ್ಟಾಟಿಕಸ್ ಇದಕ್ಕೆ ಅಪವಾದ. ಅದು ಪಿಷ್ಟದ ತುಣುಕುಗಳನ್ನು ಒಡೆಯುವ ಕಿಣ್ವವನ್ನು ತಾನೇ ಹೊರಸೂಸುತ್ತದೆ. ಬಾಟಲಿಗೆ ತುಂಬಿದ ಬಿಯರಿನಲ್ಲಿ ಇದು ಸೇರಿಕೊಂಡರೆ ಹುದುಗುವಿಕೆ ಮುಂದುವರಿದು, ಒತ್ತಡ ಹೆಚ್ಚಿ ಬಾಟಲಿ ಸಿಡಿಯುವ ಅಪಾಯವಿದೆ.

## ಸಾರಾಂಶ ಕೋಷ್ಟಕ

ಕೆಳಗಿನ ವಿವರಗಳು ಸಾಮಾನ್ಯ ಬೇಕರಿ ಯೀಸ್ಟಿಗೆ ಅನ್ವಯಿಸುತ್ತವೆ. ತಳಿಯಿಂದ ತಳಿಗೆ ಸ್ವಲ್ಪ ವ್ಯತ್ಯಾಸ ಇರಬಹುದು.

| ಸಕ್ಕರೆ | ಘಟಕಗಳು | ಮುಖ್ಯ ಮೂಲ | ಹುದುಗುವಿಕೆ |
|---|---|---|---|
| ಗ್ಲೂಕೋಸ್ | ಸರಳ ಸಕ್ಕರೆ | ದ್ರಾಕ್ಷಿ, ಜೇನು | ಬೇಗ |
| ಫ್ರಕ್ಟೋಸ್ | ಸರಳ ಸಕ್ಕರೆ | ಹಣ್ಣುಗಳು, ಜೇನು | ಬೇಗ. ಗ್ಲೂಕೋಸಿಗಿಂತ ತುಸು ನಿಧಾನ |
| ಗ್ಯಾಲಕ್ಟೋಸ್ | ಸರಳ ಸಕ್ಕರೆ | ಲ್ಯಾಕ್ಟೋಸ್ ಸೀಳಿದಾಗ | ಒಗ್ಗಿಕೊಂಡ ಬಳಿಕ |
| ಜೈಲೋಸ್ | ಸರಳ ಸಕ್ಕರೆ (ಐದು ಇಂಗಾಲ) | ಕಬ್ಬಿನ ಸಿಪ್ಪೆ, ಹುಲ್ಲು | ಇಲ್ಲ |
| ಸುಕ್ರೋಸ್ | ಗ್ಲೂಕೋಸ್ + ಫ್ರಕ್ಟೋಸ್ | ಕಬ್ಬು, ಬೀಟ್ ಗೆಡ್ಡೆ | ಬೇಗ |
| ಮಾಲ್ಟೋಸ್ | ಗ್ಲೂಕೋಸ್ + ಗ್ಲೂಕೋಸ್ | ಮೊಳಕೆ ಧಾನ್ಯ | ತಡವಾಗಿ ಆರಂಭ |
| ಲ್ಯಾಕ್ಟೋಸ್ | ಗ್ಲೂಕೋಸ್ + ಗ್ಯಾಲಕ್ಟೋಸ್ | ಹಾಲು | ಇಲ್ಲ |
| ರಾಫಿನೋಸ್ | ಗ್ಯಾಲಕ್ಟೋಸ್ + ಗ್ಲೂಕೋಸ್ + ಫ್ರಕ್ಟೋಸ್ | ಕಾಳುಗಳು, ಬೀಟ್ ಕಾಕಂಬಿ | ಭಾಗಶಃ |

## ಸಂಶೋಧನೆಯ ಇತಿಹಾಸ

ಹುದುಗುವಿಕೆಯಲ್ಲಿ ಸಕ್ಕರೆಯು ಮದ್ಯಸಾರ ಮತ್ತು ಅನಿಲವಾಗಿ ಬೇರ್ಪಡುತ್ತದೆ ಎಂಬುದನ್ನು ಫ್ರಾನ್ಸಿನ ಲವಾಸಿಯೆ 1789ರಲ್ಲಿ ತೂಕದ ಲೆಕ್ಕಗಳೊಂದಿಗೆ ವಿವರಿಸಿದನು. ಈ ಕ್ರಿಯೆಗೆ ಕಾರಣ ಜೀವಂತ ಯೀಸ್ಟ್ ಎಂದು 1837ರ ಸುಮಾರಿಗೆ ಕಾನ್ಯಾರ್-ಲಾತೂರ್, ಶ್ವಾನ್ ಮತ್ತು ಕ್ಯುಟ್ಸಿಂಗ್ ಎಂಬ ಮೂವರು ಬೇರೆಬೇರೆಯಾಗಿ ಪ್ರತಿಪಾದಿಸಿದರು. ಜರ್ಮನಿಯ ಪ್ರಖ್ಯಾತ ರಸಾಯನವಿಜ್ಞಾನಿ ಲೀಬಿಗ್ ಇದನ್ನು ಒಪ್ಪಲಿಲ್ಲ. ಹುದುಗುವಿಕೆ ಕೇವಲ ರಾಸಾಯನಿಕ ವಿಘಟನೆ ಎಂಬುದು ಅವನ ವಾದವಾಗಿತ್ತು. ಲೂಯಿ ಪಾಶ್ಚರನ ಪ್ರಯೋಗಗಳು ಜೀವಿಗಳ ಪಾತ್ರವನ್ನು ದೃಢಪಡಿಸಿದವು.

1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು ಹಿಂಡಿ ರಸ ತೆಗೆದನು. ರಸವು ಕೆಡದಿರಲೆಂದು ಸಕ್ಕರೆ ಬೆರೆಸಿದಾಗ ಅದರಿಂದ ಗುಳ್ಳೆಗಳು ಏಳತೊಡಗಿದವು. ಜೀವಂತ ಕೋಶಗಳಿಲ್ಲದೆಯೇ ಸಕ್ಕರೆ ಹುದುಗುತ್ತಿತ್ತು. ಯೀಸ್ಟ್ ಬೇಕು ಎಂಬುದೂ ರಾಸಾಯನಿಕ ಕ್ರಿಯೆ ಎಂಬುದೂ ಎರಡೂ ನಿಜವೆಂದು ಇದರಿಂದ ಸ್ಪಷ್ಟವಾಯಿತು: ಯೀಸ್ಟ್ ತಯಾರಿಸುವ ಕಿಣ್ವಗಳೇ ಕ್ರಿಯೆಯನ್ನು ನಡೆಸುತ್ತವೆ. ಬುಕ್ನರನಿಗೆ 1907ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು.

ಯೀಸ್ಟ್ ಸಕ್ಕರೆಗಳ ನಡುವೆ ತೋರುವ ಭೇದವೇ ಜೀವರಸಾಯನವಿಜ್ಞಾನದ ಒಂದು ಮುಖ್ಯ ಕಲ್ಪನೆಗೆ ದಾರಿಮಾಡಿತು. ಎಮಿಲ್ ಫಿಷರ್ ಹಲವು ಸಕ್ಕರೆಗಳನ್ನು ಯೀಸ್ಟಿನ ಮೇಲೆ ಪರೀಕ್ಷಿಸಿ, ಒಂದೇ ಪರಮಾಣುಗಳಿದ್ದರೂ ಆಕಾರ ಬೇರೆಯಾದರೆ ಹುದುಗುವಿಕೆ ನಿಲ್ಲುತ್ತದೆ ಎಂದು ಕಂಡುಕೊಂಡನು. ಗ್ಲೂಕೋಸಿನ ಕನ್ನಡಿ ಪ್ರತಿಬಿಂಬದಂತಿರುವ ಎಲ್-ಗ್ಲೂಕೋಸ್ ಹುದುಗುವುದೇ ಇಲ್ಲ. 1894ರಲ್ಲಿ ಅವನು ಕಿಣ್ವಕ್ಕೂ ಅದು ಕೆಲಸ ಮಾಡುವ ಅಣುವಿಗೂ ಬೀಗ ಮತ್ತು ಕೀಲಿಕೈಯಂತಹ ಹೊಂದಾಣಿಕೆ ಇರಬೇಕೆಂದು ಸೂಚಿಸಿದನು. ಇಂದಿಗೂ ಶಾಲಾ ಪಠ್ಯಗಳಲ್ಲಿ ಕಿಣ್ವಗಳ ವಿವರಣೆ ಇದರಿಂದಲೇ ಆರಂಭವಾಗುತ್ತದೆ. 1913ರಲ್ಲಿ ಮಿಕಾಯೆಲಿಸ್ ಮತ್ತು ಮೆಂಟೆನ್ ಕಿಣ್ವಗಳ ವೇಗದ ಸೂತ್ರವನ್ನು ರೂಪಿಸಿದ್ದು ಯೀಸ್ಟಿನ ಇನ್ವರ್ಟೇಸನ್ನು ಅಧ್ಯಯನ ಮಾಡಿಯೇ.

ನೆದರ್ಲೆಂಡ್ಸಿನ ಆಲ್ಬರ್ಟ್ ಕ್ಲೈವರ್ ಯೀಸ್ಟ್‌ಗಳ ಹುದುಗುವಿಕೆಗೆ ಸಂಬಂಧಿಸಿದ ಸಾಮಾನ್ಯ ನಿಯಮಗಳನ್ನು ಗುರುತಿಸಿದನು. ಯಾವುದಾದರೂ ಸಕ್ಕರೆಯನ್ನು ಹುದುಗಿಸುವ ಯೀಸ್ಟ್ ಗ್ಲೂಕೋಸನ್ನೂ ಹುದುಗಿಸುತ್ತದೆ. ಗ್ಲೂಕೋಸನ್ನು ಹುದುಗಿಸುವ ಯೀಸ್ಟ್ ಫ್ರಕ್ಟೋಸ್ ಮತ್ತು ಮ್ಯಾನೋಸ್‌ಗಳನ್ನೂ ಹುದುಗಿಸುತ್ತದೆ ಎಂಬುದು ಇವುಗಳ ಸಾರ. ಕ್ಲೈವರೋಮೈಸಿಸ್ ಎಂಬ ಹೆಸರು ಅವನ ಗೌರವಾರ್ಥ ಇಟ್ಟದ್ದು.

## ಬಳಕೆ ಮತ್ತು ಮಹತ್ವ

### ಆಹಾರ ಮತ್ತು ಪಾನೀಯ

ತೆಂಗು, ಈಚಲು ಮುಂತಾದ ಮರಗಳಿಂದ ಇಳಿಸುವ ನೀರಾದಲ್ಲಿ ಮುಖ್ಯವಾಗಿ ಸುಕ್ರೋಸ್ ಇರುತ್ತದೆ. ಗಾಳಿಯಿಂದ ಹಾಗೂ ಮಡಕೆಯಿಂದ ಬಂದ ಯೀಸ್ಟ್ ಮತ್ತು ಬ್ಯಾಕ್ಟೀರಿಯಗಳು ಅದನ್ನು ಬೇಗನೆ ಸೇಂದಿಯಾಗಿ ಮಾರ್ಪಡಿಸುತ್ತವೆ. ಕರಾವಳಿ ಕರ್ನಾಟಕದ ಕೊಂಕಣಿ ಕ್ರೈಸ್ತರು ಅಕ್ಕಿಹಿಟ್ಟಿಗೆ ಸೇಂದಿ ಬೆರೆಸಿ ಉಬ್ಬಿಸಿ ‘ಸಾನ್ನಾಂ’ ಎಂಬ ತಿಂಡಿ ಮಾಡುವ ಪದ್ಧತಿಯಿದೆ. ಇಡ್ಲಿ ಹಿಟ್ಟು ಉಬ್ಬುವುದಕ್ಕೆ ಮಾತ್ರ ಯೀಸ್ಟ್ ಪ್ರಧಾನ ಕಾರಣವಲ್ಲ. ಅಲ್ಲಿ ಲ್ಯೂಕೋನಾಸ್ಟಾಕ್ ಮೊದಲಾದ ಬ್ಯಾಕ್ಟೀರಿಯಗಳು ಅನಿಲವನ್ನೂ ಹುಳಿಯನ್ನೂ ಉಂಟುಮಾಡುತ್ತವೆ.

### ಇಂಧನ

ಸಕ್ಕರೆ ಕಾರ್ಖಾನೆಗಳಲ್ಲಿ ಹರಳುಗಟ್ಟದೆ ಉಳಿಯುವ ಕಾಕಂಬಿಯಲ್ಲಿ ಸುಕ್ರೋಸ್, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಇರುತ್ತವೆ. ಮೂರೂ ಸುಲಭವಾಗಿ ಹುದುಗುವುದರಿಂದ ಕಬ್ಬು ಬೆಳೆಯುವ ಕರ್ನಾಟಕ, ಮಹಾರಾಷ್ಟ್ರ ಮತ್ತು ಉತ್ತರ ಪ್ರದೇಶಗಳಲ್ಲಿ ಎಥನಾಲ್ ಉತ್ಪಾದನೆಗೆ ಕಾಕಂಬಿ ಬಹುಕಾಲದಿಂದ ಬಳಕೆಯಲ್ಲಿದೆ. ಕಬ್ಬಿನ ಸಿಪ್ಪೆ ಮತ್ತು ಭತ್ತದ ಹುಲ್ಲಿನಿಂದ ಎಥನಾಲ್ ತೆಗೆಯುವುದು ಇದಕ್ಕಿಂತ ಕಠಿಣ. ಸೆಲ್ಯುಲೋಸನ್ನು ಗ್ಲೂಕೋಸ್ ಆಗಿಸಬೇಕು. ಜೊತೆಗೆ ದೊರೆಯುವ ಜೈಲೋಸನ್ನು ಹುದುಗಿಸಬಲ್ಲ ಸೂಕ್ಷ್ಮಜೀವಿ ಬೇಕು. ಜೈಲೋಸ್ ವ್ಯರ್ಥವಾದರೆ ಕಚ್ಚಾವಸ್ತುವಿನ ಸಕ್ಕರೆಯ ಗಣನೀಯ ಭಾಗ ಕೈತಪ್ಪಿದಂತಾಗುತ್ತದೆ. ಭತ್ತದ ಹುಲ್ಲಿನಿಂದ ಎಥನಾಲ್ ತಯಾರಿಸುವ ಇಂಡಿಯನ್ ಆಯಿಲ್ ಸಂಸ್ಥೆಯ ಘಟಕವೊಂದು ಹರಿಯಾಣದ ಪಾಣಿಪತ್‌ನಲ್ಲಿ 2022ರಲ್ಲಿ ಉದ್ಘಾಟನೆಯಾಯಿತು. ಹೊಲದಲ್ಲಿ ಸುಟ್ಟುಹೋಗುವ ಹುಲ್ಲು ಇಂಧನವಾಗುವುದು ಇಂತಹ ಸಕ್ಕರೆಗಳ ಹುದುಗುವಿಕೆಯನ್ನು ಅವಲಂಬಿಸಿದೆ.

### ರೋಗಪತ್ತೆ

ಮನುಷ್ಯರಲ್ಲಿ ಸೋಂಕು ಉಂಟುಮಾಡುವ ಕ್ಯಾಂಡಿಡಾ ಯೀಸ್ಟ್‌ಗಳ ಪ್ರಭೇದಗಳು ಸೂಕ್ಷ್ಮದರ್ಶಕದಲ್ಲಿ ಒಂದೇ ತೆರನಾಗಿ ಕಾಣಬಹುದು. ಅವುಗಳನ್ನು ಬೇರ್ಪಡಿಸಲು ಪ್ರಯೋಗಾಲಯಗಳಲ್ಲಿ ಸಕ್ಕರೆ ಹುದುಗುವಿಕೆಯ ಪರೀಕ್ಷೆ ರೂಢಿಯಲ್ಲಿದೆ. ಪ್ರತಿ ನಳಿಕೆಯಲ್ಲಿ ಒಂದೊಂದು ಸಕ್ಕರೆಯ ದ್ರಾವಣವನ್ನಿಟ್ಟು, ಅದರೊಳಗೆ ಬೋರಲಾಗಿ ಇರಿಸಿದ ಡರ್ಹಾಮ್ ನಳಿಕೆ ಎಂಬ ಪುಟ್ಟ ಗಾಜಿನ ಕೊಳವೆಯಲ್ಲಿ ಅನಿಲ ಸಂಗ್ರಹವಾಗುವುದನ್ನು ನೋಡುತ್ತಾರೆ. ಕ್ಯಾಂಡಿಡಾ ಆಲ್ಬಿಕನ್ಸ್ ಸಾಮಾನ್ಯವಾಗಿ ಗ್ಲೂಕೋಸ್ ಮತ್ತು ಮಾಲ್ಟೋಸ್‌ಗಳನ್ನು ಹುದುಗಿಸುತ್ತದೆ, ಲ್ಯಾಕ್ಟೋಸನ್ನು ಹುದುಗಿಸುವುದಿಲ್ಲ. ಕ್ಯಾಂಡಿಡಾ ಟ್ರಾಪಿಕಾಲಿಸ್ ಸುಕ್ರೋಸನ್ನೂ ಹುದುಗಿಸುತ್ತದೆ. ಪ್ರಭೇದ ಯಾವುದೆಂದು ತಿಳಿದರೆ ಔಷಧದ ಆಯ್ಕೆಗೆ ನೆರವಾಗುತ್ತದೆ. ಈಚೆಗೆ ವಂಶವಾಹಿ ಮತ್ತು ಪ್ರೋಟೀನ್ ಆಧಾರಿತ ವೇಗದ ವಿಧಾನಗಳು ಬಂದಿವೆ.

## ವಿದ್ಯಾರ್ಥಿಗಳಿಗಾಗಿ ಪ್ರಯೋಗ

ಈ ವ್ಯತ್ಯಾಸಗಳನ್ನು 250 ಮಿ.ಲೀ. ಅಳತೆಯ ಬಾಟಲಿಗಳು ಮತ್ತು ಬಲೂನುಗಳಿಂದ ಶಾಲೆಯಲ್ಲಿಯೇ ನೋಡಬಹುದು.

1. ಪ್ರತಿ ಬಾಟಲಿಗೆ 35ರಿಂದ 40 ಡಿಗ್ರಿ ಸೆಲ್ಸಿಯಸ್‌ನ 100 ಮಿ.ಲೀ. ಉಗುರುಬೆಚ್ಚಗಿನ ನೀರನ್ನು ಹಾಕಬೇಕು.
2. ಒಂದಕ್ಕೆ 5 ಗ್ರಾಂ ಗ್ಲೂಕೋಸ್, ಇನ್ನೊಂದಕ್ಕೆ 5 ಗ್ರಾಂ ಅಡುಗೆಯ ಸಕ್ಕರೆ, ಮತ್ತೊಂದಕ್ಕೆ 5 ಗ್ರಾಂ ಲ್ಯಾಕ್ಟೋಸ್ ಸೇರಿಸಬೇಕು. ದೊರೆತರೆ ಮಾಲ್ಟೋಸ್ ಮತ್ತು ಗ್ಯಾಲಕ್ಟೋಸ್‌ಗಳನ್ನೂ ಬಳಸಬಹುದು.
3. ಒಂದು ಬಾಟಲಿಗೆ ಸಕ್ಕರೆ ಹಾಕದೆ ಹಾಗೆಯೇ ಬಿಡಬೇಕು. ಇದು ಹೋಲಿಕೆಗಾಗಿ.
4. ಎಲ್ಲದಕ್ಕೂ 2 ಗ್ರಾಂ ಒಣ ಯೀಸ್ಟ್ ಬೆರೆಸಿ, ಬಾಯಿಗೆ ಬಲೂನು ತೊಡಿಸಿ ಬೆಚ್ಚಗಿನ ಸ್ಥಳದಲ್ಲಿಡಬೇಕು.
5. ಹತ್ತು ನಿಮಿಷಕ್ಕೊಮ್ಮೆ ಬಲೂನಿನ ಸುತ್ತಳತೆಯನ್ನು ದಾರದಿಂದ ಅಳೆದು ಬರೆದುಕೊಳ್ಳಬೇಕು.

ಸಕ್ಕರೆಯಿಲ್ಲದ ಬಾಟಲಿಯಲ್ಲಿಯೂ ಸ್ವಲ್ಪ ಅನಿಲ ಕಾಣಬಹುದು. ಯೀಸ್ಟ್ ತನ್ನೊಳಗೆ ಟ್ರಿಹಲೋಸ್ ಮತ್ತು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಆಹಾರವನ್ನು ಬಳಸುವುದೇ ಇದಕ್ಕೆ ಕಾರಣ. ಆದ್ದರಿಂದ ಲ್ಯಾಕ್ಟೋಸಿನ ಬಾಟಲಿಯನ್ನು ಈ ಬಾಟಲಿಯೊಂದಿಗೆ ಹೋಲಿಸಿಯೇ ತೀರ್ಮಾನಕ್ಕೆ ಬರಬೇಕು. ಲ್ಯಾಕ್ಟೇಸ್ ಕಿಣ್ವವನ್ನು ಲ್ಯಾಕ್ಟೋಸಿಗೆ ಮೊದಲೇ ಸೇರಿಸಿಟ್ಟು ಪ್ರಯೋಗವನ್ನು ಮತ್ತೆ ಮಾಡಿದರೆ ಅನಿಲ ಬರತೊಡಗುತ್ತದೆ. ಕೊರತೆಯಿದ್ದುದು ಸಕ್ಕರೆಯಲ್ಲಲ್ಲ, ಯೀಸ್ಟಿನ ಕಿಣ್ವದಲ್ಲಿ ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ಎಚ್ಚರಿಕೆ: ಬಾಟಲಿಯ ಬಾಯಿಯನ್ನು ಬಿರಟೆಯಿಂದ ಬಿಗಿಯಾಗಿ ಮುಚ್ಚಬಾರದು, ಅನಿಲದ ಒತ್ತಡದಿಂದ ಅದು ಸಿಡಿಯಬಹುದು. ಹುದುಗಿದ ದ್ರವವನ್ನು ಕುಡಿಯಬಾರದು. ದೊಡ್ಡ ಪ್ರಮಾಣದಲ್ಲಿ ಹುದುಗುವಿಕೆ ನಡೆಯುವ ತೊಟ್ಟಿ ಮತ್ತು ನೆಲಮಾಳಿಗೆಗಳಲ್ಲಿ ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ತುಂಬಿಕೊಂಡಿರುತ್ತದೆ. ಗಾಳಿಯಾಡುವ ವ್ಯವಸ್ಥೆಯಿಲ್ಲದೆ ಒಳಗಿಳಿದವರಿಗೆ ಪ್ರಾಣಾಪಾಯವಿದೆ.

## ಫಲಿತಾಂಶಗಳನ್ನು ಅರ್ಥೈಸುವಾಗ

‘ಈ ಸಕ್ಕರೆ ಹುದುಗುವುದಿಲ್ಲ’ ಎಂಬ ಮಾತಿಗೆ ಯಾವ ಯೀಸ್ಟ್, ಎಷ್ಟು ಹೊತ್ತು, ಯಾವ ಸ್ಥಿತಿಯಲ್ಲಿ ಎಂಬ ವಿವರಗಳು ಜೊತೆಗಿರಬೇಕು. ಒಂದು ತರಗತಿಯ ಅವಧಿಯಲ್ಲಿ ಗ್ಯಾಲಕ್ಟೋಸಿನ ಬಾಟಲಿಯಲ್ಲಿ ಅನಿಲ ಬಾರದಿದ್ದರೆ ಅದು ಹುದುಗುವುದೇ ಇಲ್ಲವೆಂದು ಹೇಳಲಾಗದು. ಯೀಸ್ಟ್ ಇನ್ನೂ ಕಿಣ್ವಗಳನ್ನು ಸಿದ್ಧಪಡಿಸುತ್ತಿರಬಹುದು. ಲ್ಯಾಕ್ಟೋಸಿನ ವಿಷಯ ಹಾಗಲ್ಲ. ಅದಕ್ಕೆ ಬೇಕಾದ ವಂಶವಾಹಿಗಳೇ ಸಾಮಾನ್ಯ ಯೀಸ್ಟಿನಲ್ಲಿ ಇಲ್ಲದಿರುವುದರಿಂದ ಎಷ್ಟು ಕಾದರೂ ಫಲವಿಲ್ಲ.

ಹುದುಗಿಸಲಾರದ ಸಕ್ಕರೆಯನ್ನು ಯೀಸ್ಟ್ ಬಳಸಲಾರದು ಎಂದೂ ಭಾವಿಸಬಾರದು. ಕೆಲವು ಯೀಸ್ಟ್‌ಗಳು ನಿರ್ದಿಷ್ಟ ಜೋಡಿ ಸಕ್ಕರೆಯನ್ನು ಆಮ್ಲಜನಕವಿದ್ದಾಗ ಉಪಯೋಗಿಸಿಕೊಂಡು ಬೆಳೆಯುತ್ತವೆ. ಆಮ್ಲಜನಕವಿಲ್ಲದಿದ್ದರೆ ಅದನ್ನು ಹುದುಗಿಸಲಾರವು. ಇದಕ್ಕೆ ಕ್ಲೈವರ್ ಪರಿಣಾಮ ಎಂದು ಹೆಸರು. ಈ ಕಾರಣದಿಂದ ಯೀಸ್ಟ್‌ಗಳನ್ನು ವರ್ಗೀಕರಿಸುವಾಗ ಹುದುಗುವಿಕೆಯ ಪರೀಕ್ಷೆಯನ್ನೂ ಸಕ್ಕರೆಯನ್ನು ಬಳಸಿ ಬೆಳೆಯುವ ಪರೀಕ್ಷೆಯನ್ನೂ ಪ್ರತ್ಯೇಕವಾಗಿ ನಡೆಸಲಾಗುತ್ತದೆ.

## ಇವನ್ನೂ ನೋಡಿ

* ಯೀಸ್ಟ್
* ಹುದುಗುವಿಕೆ
* ಕಿಣ್ವ
* ಗ್ಲೈಕಾಲಿಸಿಸ್
* ಎಥನಾಲ್